ಮೊದಲು ಗಾಡಿಯ ಮಾಡು ನೋಡಿ, ಆಮೇಲೆ ಎಂಜಿನ್

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ಹತ್ತಿರ ಬಂತೆಂದರೆ ನಾನು ಏಣಿ ಹೊರಗೆ ತೆಗೆಯುತ್ತೇನೆ. ಊರಲ್ಲಿ ಮಳೆ ಹಿಡಿಯುವ ಮುಂಚೆ ಹಂಚು ಕೈಯಾಡಿಸುತ್ತಿದ್ದೆವಲ್ಲ, ಇದೂ ಅದೇ ಕೆಲಸ. ಮನೆಯ ಮಾಡು ಅಲ್ಲ, ಅಂಗಳದಲ್ಲಿ ನಿಂತಿರುವ ಮೋಟರ್‌ಹೋಮ್‌ನ, ಅಂದರೆ ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಗಾಡಿಯ ಮಾಡು. 1980ರ ದಶಕದ ಟೊಯೋಟಾ ಪಿಕಪ್ ಚಾಸಿ ಮೇಲೆ ಕಟ್ಟಿದ ಪುಟ್ಟ ಗಾಡಿ ನಮ್ಮದು.

ಇಂಥದ್ದು ಕೊಳ್ಳಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ಅದನ್ನು ಆಮೇಲೆ ಎತ್ತಿ. ಟೊಯೋಟಾದ 22ಆರ್‌ಇ ಎಂಜಿನ್, 2.4 ಲೀಟರಿನದು, ಆಯಿಲ್ ಸರಿಯಾಗಿ ಬದಲಿಸಿದರೆ ಸುಮ್ನೆ ಓಡುತ್ತಿರುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಮುಂದುಗಡೆ ಕಟಕಟ ಅಂದರೆ ಟೈಮಿಂಗ್ ಚೈನಿನ ಪ್ಲಾಸ್ಟಿಕ್ ಗೈಡ್ ಸವೆದಿರಬಹುದು. ಅದನ್ನು ಮೆಕ್ಯಾನಿಕ್ ಬದಲಿಸುತ್ತಾನೆ. ಮಾಡು ಸೋರಿ ಗೋಡೆಯೊಳಗೆ ಕೊಳೆತ ಮರವನ್ನು ಯಾರು ಬದಲಿಸುತ್ತಾರೆ?

ಡ್ರೈವರ್ ತಲೆ ಮೇಲೆ ಮಲಗುವ ಅಟ್ಟ ಇರುತ್ತದಲ್ಲ, ಅದರ ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ. ನೆನೆದ ಅವಲಕ್ಕಿಯ ಹಾಗೆ ಮೆತ್ತಗಿದ್ದರೆ ಒಳಗಿನ ಮರ ಹೋಗಿದೆ. ಹೊರಗಿನ ಪುಟ್ಟ ದೀಪಗಳ ಸುತ್ತ, ಕಿಟಕಿ ಅಂಚಿನಲ್ಲಿ, ಮಾಡಿನ ಗಾಳಿಕಿಂಡಿ ಬುಡದಲ್ಲಿ ನೀರು ಇಳಿಯುತ್ತದೆ. ಸನ್‌ರೇಡರ್ ಅನ್ನುವ ಮಾಡೆಲ್‌ನಂತೆ ಫೈಬರ್‌ಗ್ಲಾಸ್ ಅಚ್ಚಿನ ಮೈ ಇರುವ ಗಾಡಿಗೆ ಈ ಕಾಟ ಕಡಿಮೆ, ಜೋಡಣೆಗಳೇ ಕಡಿಮೆ ನೋಡಿ. ನಾನು ಮೊದಲ ವರ್ಷ ಬಚ್ಚಲಿಗೆ ಹಚ್ಚುವ ಸಿಲಿಕೋನ್ ಬಳಿದು ಬಿಟ್ಟೆ. ಅದು ಎದ್ದು ಬಂತು. ಅದರ ಜಿಡ್ಡಿನ ಮೇಲೆ ಬೇರೇನೂ ಅಂಟಲಿಲ್ಲ, ಎರಡು ದಿನ ಕೆರೆದೆ. ಕಿಟಕಿ ಚೌಕಟ್ಟಿನ ಕೆಳಗೆ ಬ್ಯೂಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ), ಮಾಡಿನ ಮೇಲೆ ತಾನೇ ಹರಡಿಕೊಳ್ಳುವ, ಇಂಥ ಗಾಡಿಗಳಿಗೆಂದೇ ಮಾಡಿದ ಆರ್‌ವಿ ಸೀಲೆಂಟ್. ಇಷ್ಟು ಸಾಕು.

ಇನ್ನು ಹಿಂದಿನ ಜೋಡಿ ಚಕ್ರದ ನಟ್ ಎಣಿಸಿ. ಐದಿದ್ದರೆ ಹುಷಾರು, ಅದು ಮಾಮೂಲಿ ಪಿಕಪ್ಪಿನ ಹಗುರ ಆಕ್ಸಲ್, ಅಂದರೆ ಚಕ್ರದ ಅಚ್ಚು. ಚಕ್ರ ಜೋಡಿ ಮಾಡಿದ ಮಾತ್ರಕ್ಕೆ ಅದಕ್ಕೆ ಬಲ ಬರುವುದಿಲ್ಲ. ಮುರಿದರೆ ಚಕ್ರವೇ ಕಳಚಿ ಹೋದೀತು. ಆರು ನಟ್ ಇದ್ದು, ನಡುವೆ ಹಬ್ ಹೊರಗೆ ಚಾಚಿದ್ದರೆ ಫುಲ್ ಫ್ಲೋಟಿಂಗ್ ಆಕ್ಸಲ್, ಅದರಲ್ಲಿ ಭಾರ ಹೊರುವುದು ಹೊರಗಿನ ಕವಚ, ಒಳಗಿನ ಅಚ್ಚು ಚಕ್ರ ತಿರುಗಿಸುತ್ತದೆ ಅಷ್ಟೇ. ಅಂಥದ್ದನ್ನೇ ಹುಡುಕಿ.

ಆಗಲೂ ಭಾರದ ಲೆಕ್ಕ ತಪ್ಪುವುದಿಲ್ಲ. 75 ಲೀಟರ್ ನೀರು ತುಂಬಿದರೆ 75 ಕಿಲೋ, ಅಂದರೆ ಇನ್ನೊಬ್ಬ ಗಂಡಸು ಹತ್ತಿ ಕೂತ ಹಾಗೆ ಅಲ್ವಾ? ನೀರನ್ನು ಕ್ಯಾಂಪಿನಲ್ಲೇ ತುಂಬಿಸಿಕೊಳ್ಳಿ. ನಮ್ಮಾಕೆ ಕಬ್ಬಿಣದ ಕಾವಲಿ ಮಾತ್ರ ಬಿಟ್ಟು ಬರುವುದಿಲ್ಲ, ಅದರ ಬಗ್ಗೆ ನಾನು ಮಾತಾಡುವುದಿಲ್ಲ.

ಟೈರಿನ ಗೀರು ಚೆನ್ನಾಗಿ ಕಂಡರೂ ಮೋಸ ಹೋಗಬೇಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಿಂತ ಗಾಡಿಯ ಟೈರು ಓಡಿ ಸವೆಯುವುದಕ್ಕಿಂತ ಬಿಸಿಲಿಗೆ ಸೀಳುವುದೇ ಜಾಸ್ತಿ.

ಗ್ಯಾಸಿನಲ್ಲಿ ನಡೆಯುವ ಫ್ರಿಜ್ಜಿಗೆ ಪಂಪ್ ಇಲ್ಲ, ಒಳಗಿನ ಅಮೋನಿಯಾ ಇಳಿಜಾರಿನಲ್ಲೇ ಹರಿಯಬೇಕು. ಅದಕ್ಕೇ ಗಾಡಿ ಮಟ್ಟಸವಾಗಿ ನಿಲ್ಲಬೇಕು. ತಟ್ಟೆಯಲ್ಲಿ ನೀರಿಟ್ಟು ನೋಡಿದರೆ ಗೊತ್ತಾಗುತ್ತದೆ. ಕುಕ್ಕರ್ ಇಟ್ಟಾಗ ಮಾಡಿನ ಕಿಂಡಿ ತೆರೆದಿಡಿ, ಆವಿ ಗೋಡೆಗೆ ಕೂತರೆ ಅದೂ ಮಳೆಯೇ. ಪ್ರೊಪೇನ್ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರವೇ ಇರಲಿ.

ಘಾಟಿ ಹತ್ತುವಾಗ ಓವರ್‌ಡ್ರೈವ್, ಅಂದರೆ ಸಮತಟ್ಟು ರಸ್ತೆಯ ವೇಗದ ಓಟಕ್ಕಿರುವ ಮೇಲಿನ ಗೇರ್, ತೆಗೆದು ಬಿಡಿ. ನಿಧಾನ ಆಗುತ್ತದೆ, ಆಗಲಿ. ಎರಡು ಲೇನಿನ ರಸ್ತೆಯಲ್ಲಿ ಹಿಂದೆ ಐದು ಗಾಡಿ ಸಾಲುಗಟ್ಟಿದರೆ ಬದಿಗೆ ಸರಿದು ದಾರಿ ಬಿಡಬೇಕು ಅಂತ ಇಲ್ಲಿ ಕಾನೂನೇ ಇದೆ. ನಾನು ಮೂರಕ್ಕೇ ಸರಿಯುತ್ತೇನೆ. ಎಂಜಿನ್ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಫ್ಲಾಸ್ಕಿನ ಕಾಫಿ ಒಂದು ಲೋಟ ಆಗುತ್ತದೆ.