ಪ್ರೋಟೀನ್ ಮೊದಲು ಅಳೆದೆ, ಕಾರ್ಬ್ ಆಮೇಲೆ: ನನ್ನ ಬೆಳಗಿನ ಸ್ಮೂದಿ

ಬೆಳಿಗ್ಗೆ ಆರಕ್ಕೆ ವ್ಯಾಯಾಮ, ಏಳೂವರೆಗೆ ಸ್ಮೂದಿ, ಹತ್ತೂವರೆಗೆ ಮತ್ತೆ ಹಸಿವು. ಸುಮಾರು ಒಂದು ವರ್ಷ ನನ್ನ ದಿನಗಳು ಹೀಗೇ ಸಾಗಿದವು. ಕುಡಿಯುತ್ತಿದ್ದುದು ಕಡಿಮೆಯೇನಲ್ಲ. ಎರಡು ಬಾಳೆಹಣ್ಣು, ಒಂದು ದೊಡ್ಡ ಲೋಟ ಕಿತ್ತಳೆ ರಸ, ಒಂದು ಹಿಡಿ ಸ್ಟ್ರಾಬೆರಿ, ಮೇಲೆ ಒಂದು ದೊಡ್ಡ ಚಮಚ ಜೇನುತುಪ್ಪ. ಎಲ್ಲವೂ ಒಳ್ಳೆಯ ಪದಾರ್ಥಗಳೇ. ಆದರೂ ಹಸಿವು ತಡೆಯುತ್ತಿರಲಿಲ್ಲ. ಭಾರ ಎತ್ತುವ ವ್ಯಾಯಾಮದ ಮರುದಿನ ತೊಡೆಯ ನೋವು ಎರಡು ಮೂರು ದಿನ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಅಡುಗೆಮನೆಯ ತೂಕದ ಯಂತ್ರ ತೆಗೆದು ಪ್ರತಿಯೊಂದನ್ನೂ ತೂಗಿ ಬರೆದೆ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 27 ಗ್ರಾಂ ಕಾರ್ಬ್ (ಕಾರ್ಬೊಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ ಇತ್ಯಾದಿ), ಅಂದರೆ ಎರಡಕ್ಕೆ 54. ಕಿತ್ತಳೆ ರಸದಿಂದ 26. ಜೇನಿನಿಂದ 17. ಸ್ಟ್ರಾಬೆರಿಯಿಂದ 8. ಒಟ್ಟು 105 ಗ್ರಾಂ ಕಾರ್ಬ್. ಪ್ರೋಟೀನ್ ಕೂಡಿಸಿ ನೋಡಿದರೆ ಎಲ್ಲ ಸೇರಿ 5 ಗ್ರಾಂ. ಸ್ನಾಯುಗಳಿಗೆ ದುಡಿಮೆ ಕೊಟ್ಟು ಬಂದು ರಿಪೇರಿಗೆ ಬೇಕಾದ ಸಾಮಗ್ರಿಯನ್ನೇ ಕೊಡದೆ ಇದ್ದೆ ಎಂಬುದು ಆ ಕಾಗದದ ಮೇಲೆ ಕಂಡಾಗ ನಿಜಕ್ಕೂ ಬೇಸರವಾಯಿತು.

ಮರುದಿನವೇ ಪೂರ್ತಿ ಪ್ರೋಟೀನ್ ಕಡೆಗೆ ವಾಲಿದೆ. ಹಣ್ಣು, ರಸ, ಜೇನು ಎಲ್ಲ ಬಿಟ್ಟೆ. ಎರಡು ಸ್ಕೂಪ್ ವೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ), ನೀರು, ಬಣ್ಣಕ್ಕೆ ನಾಲ್ಕು ಸ್ಟ್ರಾಬೆರಿ. 46 ಗ್ರಾಂ ಪ್ರೋಟೀನ್, ಕಾರ್ಬ್ ಹತ್ತರ ಆಸುಪಾಸು. ಹಸಿವೇನೋ ತಡವಾಗಿ ಬರತೊಡಗಿತು. ಆದರೆ ಮೂರನೇ ವಾರದ ಹೊತ್ತಿಗೆ ಓಟದ ದಿನಗಳಲ್ಲಿ ಕಾಲು ಸೀಸದಂತಾದವು. ಸಂಜೆಯಾದರೆ ಸಿಹಿ ತಿನ್ನುವ ಆಸೆ ತಡೆಯಲಾಗುತ್ತಿರಲಿಲ್ಲ. ಹೆಚ್ಚು ಪ್ರೋಟೀನ್ ಕೊಟ್ಟರೆ ಹೆಚ್ಚು ಸ್ನಾಯು ಎಂಬ ಲೆಕ್ಕವೂ ಅಷ್ಟು ಸರಳವಲ್ಲ. ಒಂದು ಊಟದಲ್ಲಿ ದೇಹದ ಪ್ರತಿ ಕೆ.ಜಿ.ಗೆ 0.25ರಿಂದ 0.4 ಗ್ರಾಂ ಪ್ರೋಟೀನ್ ಸಿಕ್ಕರೆ ಸ್ನಾಯು ಕಟ್ಟುವ ಕೆಲಸಕ್ಕೆ ಬಹುಪಾಲು ಜನರಿಗೆ ಸಾಕು. ಅದರ ಮೇಲೆ ಸುರಿದದ್ದು ವ್ಯರ್ಥವಾಗುತ್ತದೆ ಎಂದಲ್ಲ, ಆದರೆ ಅದರಿಂದ ಸಿಗುವ ಲಾಭ ಬಹಳ ಕಡಿಮೆ. ನನ್ನ ತೂಕ 68 ಕೆ.ಜಿ. ಅಂದರೆ 17ರಿಂದ 27 ಗ್ರಾಂ. ನಾನು 25ಕ್ಕೆ ಗೆರೆ ಎಳೆದೆ.

ಕಾರ್ಬ್‌ಗೆ ಇಂಥ ಒಂದೇ ಗೆರೆ ಎಳೆಯಲಾಗದು. ನನಗೆ ಇದು ಅರ್ಥವಾಗಲು ಹಿಡಿದ ಸಮಯವೇ ಜಾಸ್ತಿ. ದೇಹ ಕಾರ್ಬ್ ಅನ್ನು ಗ್ಲೈಕೋಜೆನ್ ರೂಪದಲ್ಲಿ ಎರಡು ಕಡೆ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ರಾತ್ರಿ ನಾವು ಮಲಗಿದ್ದಾಗ ಮೆದುಳಿಗೆ ಸಕ್ಕರೆ ಪೂರೈಸುವುದು ಯಕೃತ್ತು. ಆದ್ದರಿಂದ ಬೆಳಗಾಗುವ ಹೊತ್ತಿಗೆ ಅಲ್ಲಿನ ಸಂಗ್ರಹ ಬಹಳ ಇಳಿದಿರುತ್ತದೆ. ಸ್ನಾಯು ಹಾಗಲ್ಲ. ತನ್ನಲ್ಲಿರುವ ಗ್ಲೈಕೋಜೆನ್ ಅನ್ನು ರಕ್ತಕ್ಕೆ ಬಿಟ್ಟುಕೊಡುವ ಕಿಣ್ವವೇ ಅದಕ್ಕಿಲ್ಲ. ಹಿಂದಿನ ದಿನ ಸರಿಯಾಗಿ ಉಂಡಿದ್ದರೆ, ಖಾಲಿ ಹೊಟ್ಟೆಯಲ್ಲಿ ಎದ್ದರೂ ಸ್ನಾಯುವಿನ ಕಣಜ ತುಂಬಿಯೇ ಇರುತ್ತದೆ. ಅರ್ಧ ಗಂಟೆಯ ಹಗುರ ವ್ಯಾಯಾಮ ಅದನ್ನು ಹೆಚ್ಚು ಮುಟ್ಟುವುದಿಲ್ಲ. ಮುಕ್ಕಾಲು ಗಂಟೆ ಭಾರ ಎತ್ತಿದರೆ ದುಡಿದ ಸ್ನಾಯುಗಳಲ್ಲಿ ಸ್ವಲ್ಪ ಇಳಿಯುತ್ತದೆ. ಒಂದೂವರೆ ಗಂಟೆ ಓಡಿದರೆ ಕಾಲಿನ ಕಣಜ ಗಣನೀಯವಾಗಿ ಬರಿದಾಗುತ್ತದೆ. ಮೂರು ಬಗೆಯ ದಿನಗಳಿಗೂ ಒಂದೇ ಲೋಟ ಕೊಡುವುದರಲ್ಲಿ ಅರ್ಥವಿಲ್ಲ ಎಂದು ಆಗ ಹೊಳೆಯಿತು. ಅಂದಿನಿಂದ ನನ್ನ ಲೋಟದಲ್ಲಿ ಪ್ರೋಟೀನ್ ಹೆಚ್ಚು ಕದಲುವುದಿಲ್ಲ, ಕಾರ್ಬ್ ಮಾತ್ರ ಆ ದಿನದ ಕೆಲಸ ನೋಡಿ ಏರಿಳಿಯುತ್ತದೆ.

ಒಂದು ಪಾಲು ಪ್ರೋಟೀನಿಗೆ ಮೂರು ಅಥವಾ ನಾಲ್ಕು ಪಾಲು ಕಾರ್ಬ್, ಅಂದರೆ 3:1, 4:1 ಎಂಬ ಅನುಪಾತಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಜಿಮ್‌ನಲ್ಲಿ ಎಲ್ಲರ ಬಾಯಲ್ಲೂ ಇರುವ ಲೆಕ್ಕವಿದು. ದೀರ್ಘ ಹೊತ್ತು ಓಡುವ, ಸೈಕಲ್ ತುಳಿಯುವ, ಅದೇ ದಿನ ಮತ್ತೆ ಕಣಕ್ಕಿಳಿಯಬೇಕಾದವರಿಗೆ ಅದು ಹೊಂದುತ್ತದೆ. 25 ಗ್ರಾಂ ಪ್ರೋಟೀನಿಗೆ 4:1 ಅಂದರೆ 100 ಗ್ರಾಂ ಕಾರ್ಬ್. ನಲವತ್ತು ನಿಮಿಷ ಡಂಬ್‌ಬೆಲ್ ಎತ್ತಿ ಇಡೀ ದಿನ ಕುರ್ಚಿಯಲ್ಲಿ ಕೂರುವವನಿಗೆ ಅಷ್ಟೇಕೆ? ಅನುಪಾತ ಬಿಟ್ಟು ಗ್ರಾಂ ಲೆಕ್ಕ ಹಿಡಿಯುವುದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭಾರ ಎತ್ತುವ ದಿನದ ಲೋಟ ಹೀಗಿದೆ: 250 ಮಿ.ಲೀ. ಹಾಲು, ಒಂದು ಬಾಳೆಹಣ್ಣು, 20 ಗ್ರಾಂ ಓಟ್ಸ್, ಅರ್ಧ ಸ್ಕೂಪ್ ಅಂದರೆ 15 ಗ್ರಾಂ ವೇ ಪುಡಿ. ಹಾಲಿನಿಂದ 8, ಪುಡಿಯಿಂದ 12, ಬಾಳೆಹಣ್ಣು ಮತ್ತು ಓಟ್ಸ್‌ನಿಂದ ನಾಲ್ಕು ಸೇರಿ ಪ್ರೋಟೀನ್ 24 ಗ್ರಾಂ. ಕಾರ್ಬ್ 52. ನನಗೆ ಅತಿ ಹೆಚ್ಚು ಹೊಂದಿಕೊಂಡ ಲೋಟ ಇದೇ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸೀನ್, ಶೇ. 20 ವೇ. ಕೇಸೀನ್ ಹೊಟ್ಟೆಯಲ್ಲಿ ಗಡ್ಡೆಗಟ್ಟಿ ನಿಧಾನವಾಗಿ ಕರಗುತ್ತದೆ, ವೇ ಬೇಗ ರಕ್ತ ಸೇರುತ್ತದೆ. ಹಾಲು ಮತ್ತು ಪುಡಿ ಎರಡನ್ನೂ ಬೆರೆಸಿದ ಮೇಲೆ ಮಧ್ಯಾಹ್ನದವರೆಗೆ ಹೊಟ್ಟೆ ತಣ್ಣಗಿರುವುದಕ್ಕೆ ಇದೂ ಒಂದು ಕಾರಣ ಅನ್ನಿಸುತ್ತದೆ.

ದೂರದ ಓಟದ ದಿನ ಅದೇ ಹಾಲು, ಒಂದೂವರೆ ಬಾಳೆಹಣ್ಣು, 40 ಗ್ರಾಂ ಓಟ್ಸ್. ಕಾರ್ಬ್ 79ಕ್ಕೆ ಏರುತ್ತದೆ. ಓಟ್ಸ್ ತಾನೇ 5 ಗ್ರಾಂ ಪ್ರೋಟೀನ್ ತರುವುದರಿಂದ ವೇ ಪುಡಿಯನ್ನು 12 ಗ್ರಾಂಗೆ ಇಳಿಸುತ್ತೇನೆ, ಒಟ್ಟು 25ಕ್ಕೇ ನಿಲ್ಲುತ್ತದೆ. ಬೆವರು ಧಾರಾಳವಾಗಿ ಹರಿದಿದ್ದರೆ ಒಂದು ಚಿಟಿಕೆ ಉಪ್ಪು ಹಾಕುತ್ತೇನೆ. ಕುಡಿದ ನೀರು ದೇಹದಲ್ಲಿ ಉಳಿಯಲು ಸೋಡಿಯಂ ಬೇಕು, ಬಾಳೆಹಣ್ಣಿನ ಸಿಹಿಯ ನಡುವೆ ಆ ಚಿಟಿಕೆ ಗೊತ್ತೂ ಆಗುವುದಿಲ್ಲ. ಸ್ಮೂದಿ ಕುಡಿದೆನೆಂದು ನೀರು ಬಿಡುವುದಿಲ್ಲ, ಅದು ಬೇರೆ, ಇದು ಬೇರೆ.

ಹಗುರ ದಿನಕ್ಕೆ ಪುಡಿ ಬೇಡವೇ ಬೇಡ. ಸಿಹಿ ಹಾಕದ ಗ್ರೀಕ್ ಯೋಗರ್ಟ್ (ನೀರು ಬಸಿದ ಗಟ್ಟಿ ಮೊಸರು) 150 ಗ್ರಾಂ, ಸ್ವಲ್ಪ ಹಾಲು, ಅರ್ಧ ಬಾಳೆಹಣ್ಣು, ಒಂದು ಹಿಡಿ ಸ್ಟ್ರಾಬೆರಿ, ಒಂದು ಚಮಚ ಚಿಯಾ ಬೀಜ. ಕಾರ್ಬ್ 35ರ ಸುತ್ತ, ಪ್ರೋಟೀನ್ 21, 22.

ಈ ಮೂರು ಲೋಟಗಳಿಗೆ ಬರುವ ಮುನ್ನ ಕೆಲವು ತಪ್ಪುಗಳಾದವು. ಒಮ್ಮೆ ಹಾಲಿನ ಬದಲು ಬಾದಾಮಿ ಹಾಲು ಹಾಕಲು ಶುರುಮಾಡಿದೆ. ಹೆಸರಿನಲ್ಲಿ ಹಾಲು ಇದೆ, ಬಾದಾಮಿಯೂ ಇದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಒಂದು ತಿಂಗಳಾದ ಮೇಲೆ ಪೊಟ್ಟಣದ ಹಿಂಬದಿ ಓದಿದರೆ ಒಂದು ಲೋಟಕ್ಕೆ ಪ್ರೋಟೀನ್ ಬರೀ 1 ಗ್ರಾಂ. ತಿಂಗಳಿಡೀ ದಿನಕ್ಕೆ 7 ಗ್ರಾಂ ಕೈಬಿಟ್ಟುಹೋಗಿತ್ತು. ಹಾಲು ಒಗ್ಗದವರಿಗೆ ಸೋಯಾ ಹಾಲು ಎಷ್ಟೋ ವಾಸಿ. ಅದರಲ್ಲಿ ಲೋಟಕ್ಕೆ 7 ಗ್ರಾಂ ಹತ್ತಿರ ಇರುತ್ತದೆ. ಆದರೆ ಸಿಹಿ ಹಾಕದ್ದರಲ್ಲಿ ಕಾರ್ಬ್ ಕಡಿಮೆ, ಆ ಕೊರತೆಯನ್ನು ಓಟ್ಸ್‌ನಿಂದ ತುಂಬಬೇಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ತೊಂದರೆ ಕೊಡುತ್ತಿದ್ದರೆ ವೇ ಐಸೊಲೇಟ್ (ಇನ್ನಷ್ಟು ಶುದ್ಧ ಮಾಡಿದ ವೇ ಪುಡಿ) ನೋಡಬಹುದು, ಅದರಲ್ಲಿ ಲ್ಯಾಕ್ಟೋಸ್ ಬಹಳ ಕಡಿಮೆ.

ಎರಡನೆಯದು ಪೀನಟ್ ಬಟರ್. ಅದನ್ನು ಪ್ರೋಟೀನ್ ಎಂದೇ ನಂಬಿ ತುಂಬು ಚಮಚಗಳಲ್ಲಿ ಹಾಕುತ್ತಿದ್ದೆ. ಎರಡು ದೊಡ್ಡ ಚಮಚದಲ್ಲಿ ಪ್ರೋಟೀನ್ 7 ಗ್ರಾಂ, ಕೊಬ್ಬು 16 ಗ್ರಾಂ, ಸುಮಾರು 190 ಕ್ಯಾಲೊರಿ. ಅದು ಕೊಬ್ಬಿನ ಪದಾರ್ಥ, ಜೊತೆಗೆ ಒಂದಿಷ್ಟು ಪ್ರೋಟೀನ್ ಇದೆ, ಅಷ್ಟೆ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಹಗುರ ದಿನ ಅದು ಒಳ್ಳೆಯದೇ. ದೂರ ಓಡಿ ಬಂದ ಮೇಲೆ ಮಾತ್ರ ನನಗೆ ಹೊಟ್ಟೆ ಭಾರವಾಗಿ ಕುಳಿತಂತಾಗುತ್ತಿತ್ತು. ಈಗ ಹಾಕಿದರೆ ಒಂದೇ ಚಮಚ, ಅದೂ ಚಮಚದ ಮೇಲ್ಭಾಗ ಸವರಿ ಸಮ ಮಾಡಿ.

ಜೊತೆಗೆ ವ್ಯಾಯಾಮ ಮಾಡುವ ಗೆಳೆಯನೊಬ್ಬ ಹಸಿ ಮೊಟ್ಟೆ ಒಡೆದು ಹಾಕು ಎಂದ. ಅದನ್ನು ನಾನು ಒಪ್ಪಲಿಲ್ಲ. 1998ರ ಒಂದು ಅಧ್ಯಯನದಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು ಶೇ. 91ರಷ್ಟು ಜೀರ್ಣವಾದರೆ, ಹಸಿಯದು ಶೇ. 51ರಷ್ಟು ಮಾತ್ರ ಆಗಿತ್ತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ಮೊಟ್ಟೆ ಇಷ್ಟವಿದ್ದರೆ ಬೇಯಿಸಿ ಸ್ಮೂದಿಯ ಪಕ್ಕದಲ್ಲಿಟ್ಟುಕೊಂಡು ತಿನ್ನಲಿ.

ಮಿಕ್ಸಿಯ ವಿಷಯಕ್ಕೆ ಬಂದರೆ, ಕ್ರಮ ಮುಖ್ಯ. ಓಟ್ಸ್ ಅನ್ನು ಮೊದಲು ಒಣದಾಗಿಯೇ ಪುಡಿ ಮಾಡಿಕೊಳ್ಳುತ್ತೇನೆ, ಇಲ್ಲವಾದರೆ ನಾಲಗೆಗೆ ತರಿತರಿ ಸಿಗುತ್ತದೆ. ರಾತ್ರಿಯೇ ಹಾಲಿನಲ್ಲಿ ನೆನೆಸಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ನುಣುಪು. ಆಮೇಲೆ ಹಾಲು, ಹಣ್ಣು, ಕೊನೆಗೆ ವೇ ಪುಡಿ. ಪುಡಿಯನ್ನು ಮೊದಲೇ ಹಾಕಿ ಒಂದು ನಿಮಿಷ ತಿರುಗಿಸಿದರೆ ಲೋಟದ ಅರ್ಧ ಬರೀ ನೊರೆ, ಕುಡಿದ ಮೇಲೆ ಹೊಟ್ಟೆಯುಬ್ಬರ. ಕೊನೆಯ ಐದಾರು ಸೆಕೆಂಡು ಸಾಕು. ಬಾಳೆಹಣ್ಣು ಚೆನ್ನಾಗಿ ಕಳಿತ ಮೇಲೆ ಸಿಪ್ಪೆ ಸುಲಿದು, ಹೋಳು ಮಾಡಿ ಫ್ರೀಜರ್‌ನಲ್ಲಿಡಿ. ಸಿಪ್ಪೆಯ ಸಮೇತ ಇಟ್ಟರೆ ಬೆಳಗಿನ ಅವಸರದಲ್ಲಿ ಕಲ್ಲಿನಂಥ ಹಣ್ಣಿನಿಂದ ಅದನ್ನು ಕೀಳುವುದರಲ್ಲೇ ಹೊತ್ತು ಹೋಗುತ್ತದೆ. ಕಾಯಿಯಂತಿರುವ ಬಾಳೆಯಲ್ಲಿ ಪಿಷ್ಟ ಹೆಚ್ಚು, ಕಳಿತಂತೆ ಅದು ಸಕ್ಕರೆಯಾಗುತ್ತದೆ. ಓಟದ ದಿನಕ್ಕೆ ಚುಕ್ಕಿ ಬಿದ್ದ ಹಣ್ಣೇ ಬೇಕು ಎಂದು ನಾನು ಆರಿಸಿಡುತ್ತೇನೆ. ಅದಿದ್ದರೆ ಜೇನಿನ ನೆನಪೂ ಬರುವುದಿಲ್ಲ.

ಬಾಳೆಹಣ್ಣಿನ ಬಗ್ಗೆ ಇನ್ನೊಂದು ಮಾತು. 2023ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಬಾಳೆಹಣ್ಣು ಸೇರಿಸಿದ ಸ್ಮೂದಿ ಕುಡಿದವರ ರಕ್ತದಲ್ಲಿ, ಬೆರಿಯಂಥ ಹಣ್ಣುಗಳಲ್ಲಿ ಸಿಗುವ ಸಸ್ಯಜನ್ಯ ಪದಾರ್ಥಗಳಾದ ಫ್ಲೇವನಾಲ್‌ಗಳ ಮಟ್ಟ ಶೇ. 84ರಷ್ಟು ಕಡಿಮೆ ಕಂಡಿತ್ತು. ಹೆಚ್ಚಿದ ಬಾಳೆಹಣ್ಣು ಕಪ್ಪಾಗುವುದಕ್ಕೆ ಕಾರಣವಾಗುವ ಕಿಣ್ವವೇ ಇಲ್ಲೂ ಕೆಲಸ ಮಾಡುತ್ತದೆ. ಕಾರ್ಬ್ ಪ್ರೋಟೀನ್ ಲೆಕ್ಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಆದರೆ ಬೆರಿ ಹಣ್ಣುಗಳನ್ನು ಫ್ಲೇವನಾಲ್‌ಗಾಗಿಯೇ ತಿನ್ನುವವರು ಅವನ್ನು ಬೇರೆ ಹೊತ್ತಿಗೆ ತಿನ್ನುವುದು ಲೇಸು.

ಇನ್ನು ಸಮಯ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ನೀರುಪಾಲು ಎಂಬ ಆತಂಕದಲ್ಲಿ ಎಷ್ಟೋ ದಿನ ಬೆವರು ಒರೆಸಿಕೊಳ್ಳುತ್ತಲೇ ಗಟಗಟ ಕುಡಿದಿದ್ದೇನೆ. ಜೋರಾಗಿ ಓಡುವಾಗ ಕರುಳಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ, ಅದು ಮೊದಲಿನಂತಾಗಲು ಸ್ವಲ್ಪ ಹೊತ್ತು ಬೇಕು. ಆ ದಿನಗಳಲ್ಲಿ ಹೊಟ್ಟೆ ತೊಳಸುತ್ತಿದ್ದುದು ಇದಕ್ಕೇ ಇರಬೇಕು. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯೊಂದರಲ್ಲಿ, ದಿನದ ಒಟ್ಟು ಪ್ರೋಟೀನ್ ಸಮನಾಗಿದ್ದಾಗ ಸಮಯದ ಪರಿಣಾಮ ಹೆಚ್ಚುಕಡಿಮೆ ಮಾಯವಾಗಿತ್ತು. ಕಾರ್ಬ್‌ಗೆ ಅವಸರ ಬೇಕಾದ ಸಂದರ್ಭ ಒಂದಿದೆ: ಅದೇ ದಿನ ಕೆಲವೇ ಗಂಟೆಗಳಲ್ಲಿ ಮತ್ತೆ ಕಠಿಣ ವ್ಯಾಯಾಮ ಇದ್ದಾಗ. 1988ರ ಪ್ರಯೋಗವೊಂದರಲ್ಲಿ ಕಾರ್ಬ್ ಅನ್ನು ಎರಡು ಗಂಟೆ ತಡವಾಗಿ ಕೊಟ್ಟಾಗ, ಆಮೇಲಿನ ಎರಡು ಗಂಟೆಗಳಲ್ಲಿ ಗ್ಲೈಕೋಜೆನ್ ತುಂಬುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ನನಗೆ ಮುಂದಿನ ವ್ಯಾಯಾಮ ಮರುದಿನ ಬೆಳಿಗ್ಗೆ. ಮೂರು ಹೊತ್ತಿನ ಊಟದಲ್ಲಿ ಕಣಜ ತಾನಾಗಿ ತುಂಬುತ್ತದೆ. ಈಗ ಸ್ನಾನ ಮುಗಿಸಿ, ಕುಳಿತು, ನಿಧಾನವಾಗಿ ಕುಡಿಯುತ್ತೇನೆ.

ಆರು ವಾರ ಒಂದು ಪುಸ್ತಕದಲ್ಲಿ ಬರೆದಿಟ್ಟೆ: ಲೋಟದಲ್ಲಿ ಏನಿತ್ತು, ಮತ್ತೆ ಹಸಿವಾದದ್ದು ಎಷ್ಟು ಗಂಟೆಗೆ, ಮರುದಿನ ಮೈ ಹೇಗಿತ್ತು. ಪ್ರೋಟೀನ್ 20ಕ್ಕಿಂತ ಕೆಳಗಿಳಿದ ದಿನಗಳನ್ನು ಹಸಿವಿನ ಸಮಯ ನೋಡಿಯೇ ಗುರುತಿಸಬಹುದಿತ್ತು. ಕಾರ್ಬ್ ಕೊರತೆ ಆ ದಿನ ಕಾಣುತ್ತಿರಲಿಲ್ಲ, ಮರುದಿನದ ಓಟದಲ್ಲಿ ಕಾಣುತ್ತಿತ್ತು. ನಿಮ್ಮ ತೂಕ, ನಿಮ್ಮ ವ್ಯಾಯಾಮ ಬೇರೆ, ಅಂಕಿಗಳೂ ಬೇರೆಯಾಗುತ್ತವೆ. ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಲೋಟ ಬದಲಿಸಬೇಕು.

ಈಚೆಗೆ ಅಮ್ಮನೂ ಎಲಾಸ್ಟಿಕ್ ಬ್ಯಾಂಡ್ ಹಿಡಿದು ವ್ಯಾಯಾಮ ಶುರುಮಾಡಿದ್ದಾರೆ. ವಯಸ್ಸು 63, ತೂಕ 58 ಕೆ.ಜಿ. "ನನಗೆ ಅರ್ಧ ಲೋಟ ಸಾಕಪ್ಪ, ನಾನೇನು ನಿನ್ನ ಹಾಗೆ ಓಡುತ್ತೀನಾ?" ಅಂದರು. ವಯಸ್ಸಾದಂತೆ ಸ್ನಾಯು ಪ್ರೋಟೀನಿಗೆ ಸ್ಪಂದಿಸುವುದು ಮಂದವಾಗುತ್ತದೆ. ಅವರಿಗೆ ಒಂದು ಹೊತ್ತಿಗೆ ಪ್ರತಿ ಕೆ.ಜಿ.ಗೆ 0.4 ಗ್ರಾಂ ಹಿಡಿದರೆ 23 ಗ್ರಾಂ. ಅಂದರೆ ಪ್ರೋಟೀನ್ ಹೆಚ್ಚುಕಡಿಮೆ ನನ್ನಷ್ಟೇ, ಕಾರ್ಬ್ ನನ್ನದರ ಅರ್ಧ. ವೇ ಪುಡಿಯ ರುಚಿ ಅವರಿಗೆ ಹಿಡಿಸಲಿಲ್ಲ. 200 ಗ್ರಾಂ ಗ್ರೀಕ್ ಯೋಗರ್ಟ್, 100 ಮಿ.ಲೀ. ಹಾಲು, ಅರ್ಧ ಬಾಳೆಹಣ್ಣು, ಒಂದು ಏಲಕ್ಕಿ. ಉಳಿದ ಅರ್ಧ ಬಾಳೆಹಣ್ಣು, ನನ್ನ ಓಟದ ದಿನವಾದರೆ, ನನ್ನ ಲೋಟಕ್ಕೆ ಹೋಗುತ್ತದೆ.