ಬಿದಿರು ಗಳ ನೆಟ್ಟು ಹಿಮನದಿ ಅಳೆದದ್ದು: ನನ್ನ ಅನುಭವ

ನೆಟ್ಟಿದ್ದ ಹದಿನಾರು ಗಳಗಳಲ್ಲಿ ಕಳೆದ ಅಕ್ಟೋಬರ್‌ನಲ್ಲಿ ಹದಿನಾಲ್ಕು ಸಿಕ್ಕವು. ಅದೂ ಮೇಲೆಲ್ಲ ಕಲ್ಲುಮಣ್ಣು ಹೊದ್ದು ಮಲಗಿದ ಹಿಮನದಿಯ ಮೇಲೆ. ಹಿಮದೊಳಗೆ ನೆಟ್ಟ ಗಳ ಎಷ್ಟು ಹೊರಬಂತು ಅಂತ ಅಳೆದರೆ ಹಿಮ ಎಷ್ಟು ಕರಗಿತು ಅಂತ ಗೊತ್ತಾಗುತ್ತದೆ. ಈ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು. ಐದು ವರ್ಷದ ಹಿಂದೆ ಇದೇ ಜಾಗದಲ್ಲಿ ಹನ್ನೆರಡು ನೆಟ್ಟಿದ್ದೆವು, ಮೂರು ಸಿಕ್ಕಿದ್ದವು. ಆಗ "ಬಿಡಿ ಸಾರ್, ಸ್ಯಾಟಲೈಟ್ ಚಿತ್ರ ಇದೆಯಲ್ಲ, ಸುಮ್ನೆ ಯಾಕೆ ಬೆಟ್ಟ ಹತ್ತುತ್ತೀರಿ" ಅಂದವರೇ ಜಾಸ್ತಿ. ಹಿಮ ಬೀಳದ ಊರಿನ ಯೂನಿವರ್ಸಿಟಿ, ವಾರಕ್ಕೆ ಹದಿನಾಲ್ಕು ಗಂಟೆ ಪಾಠ, ಇದರ ನಡುವೆ ಗಳದ ಅಳತೆ ವರ್ಷ ವರ್ಷ ನಡೆಸೋದು ಆಗದ ಮಾತು ಅಂತ ಒಬ್ಬ ಹಿರಿಯರು ಸಭೆಯಲ್ಲೇ ಹೇಳಿದ್ದರು. ಆಯಿತು. ಐದನೇ ವರ್ಷದ ಲೆಕ್ಕವೂ ಕೈಗೆ ಬಂದಿದೆ.

ಜಾಗ ಹಿಮಾಚಲದ ಲಾಹೌಲ್‌ನ ಚಂದ್ರಾ ಕಣಿವೆ. ಅಲ್ಲಿನ ಛೋಟಾ ಶಿಗ್ರಿ ಹಿಮನದಿಯಲ್ಲಿ 2002ರಿಂದ ಅಳತೆ ನಡೆದಿದೆ, ಈ ಕ್ಷೇತ್ರದವರಿಗೆಲ್ಲ ಗೊತ್ತು. ಆದರೆ ಅದರ ಮೇಲೆ ಕಲ್ಲಿನ ಹೊದಿಕೆ ಕಡಿಮೆ. ನನಗೆ ಬೇಕಾಗಿದ್ದು ಅಲ್ಲಿನದೇ ಬಡಾ ಶಿಗ್ರಿ ಹಿಮನದಿಯ ಕೆಳಭಾಗದ ಹಾಗೆ ಪೂರ್ತಿ ಮುಚ್ಚಿಹೋದ ಹಿಮ. ನಾವು ಹಿಡಿದಿರುವುದು ಅದೇ ಕಣಿವೆಯ ಒಂದು ಸಣ್ಣ ಹಿಮನದಿ. ನಮ್ಮ ಸಂಶೋಧನಾ ಪೇಪರ್ ಬರುವ ತನಕ ಹೆಸರು ನನ್ನ ಹತ್ತಿರವೇ ಇರಲಿ.

ಮೊದಲು ಕೈ ಸುಟ್ಟುಕೊಂಡಿದ್ದು ಅಲ್ಯೂಮಿನಿಯಂ ಪೈಪಿನಲ್ಲಿ. ನೋಡೋಕೆ ಚೆಂದ, ಹಗುರ, ಒಂದಕ್ಕೆ ಒಂಬೈನೂರು ರೂಪಾಯಿ ಇರಬೇಕು ಆಗ. ಬಿಸಿಲಿಗೆ ಕಾದು ಆ ಬಿಸಿಯನ್ನು ನೇರ ತಳಕ್ಕೆ ಇಳಿಸಿತು. ಗಳ ತಾನೇ ಹಿಮ ಕರಗಿಸಿಕೊಂಡು ಕೆಳಗೆ ಇಳಿದರೆ ಅಳತೆ ಎಲ್ಲಿಂದ ಬರಬೇಕು? ಮರುವರ್ಷ ಪಿವಿಸಿ. ಚಳಿಗೆ ಪೆಡಸಾಗಿ, ಮೇಲಿಂದ ಉರುಳಿದ ಕಲ್ಲು ತಾಗಿದ್ದೇ ಲಟಕ್ ಅಂತ ಮುರಿಯಿತು. ಎರಡೂ ಸೇರಿ ಮೂವತ್ತು ಸಾವಿರದ ಹತ್ತಿರ ನೀರುಪಾಲು.

ಕೊನೆಗೆ ಬಿದಿರು. ಅದೇನು ಹೊಸದಲ್ಲ, ಹಳಬರೆಲ್ಲ ಬಿದಿರನ್ನೇ ನೆಡುತ್ತಿದ್ದರು. ಆದರೆ ಯಾವ ಬಿದಿರು ಅನ್ನೋದರಲ್ಲಿ ಇದೆ ವಿಷಯ. ಟೊಳ್ಳು ಬಿದಿರಿನೊಳಗೆ ನೀರು ಹೋಗಿ ಹೆಪ್ಪುಗಟ್ಟಿ ಉದ್ದಕ್ಕೆ ಸೀಳಿಬಿಡುತ್ತದೆ. ಒಳಗೆ ಟೊಳ್ಳಿಲ್ಲದ ಗಟ್ಟಿ ಜಾತಿಯೇ ಬೇಕು, ಆರು ತಿಂಗಳಾದರೂ ನೆರಳಲ್ಲಿ ಒಣಗಿರಬೇಕು. ಎರಡು ಮೀಟರಿನ ತುಂಡು, ತುದಿಯಲ್ಲಿ ತೂತು, ತಂತಿಯಿಂದ ಒಂದಕ್ಕೊಂದು ಕಟ್ಟಿ ಸರಪಳಿ ಥರ ಇಳಿಸಬೇಕು. ಹಿಮ ಇಳಿದ ಹಾಗೆ ಮೇಲಿನ ತುಂಡು ಹೊರಬಂದು ಕೀಲಲ್ಲಿ ಮಡಚಿ ಮಲಗುತ್ತದೆ, ಗಾಳಿಗೆ ಮುರಿಯುವುದಿಲ್ಲ. ತುಂಡಿಗೆ ನಲವತ್ತೋ ಐವತ್ತೋ ರೂಪಾಯಿ. ಚಂಡೀಗಢದಲ್ಲೇ ಕೊಂಡು ಜೀಪಿನ ತಲೆಗೆ ಕಟ್ಟಿಕೊಂಡು ಹೋಗುತ್ತೇವೆ. ಕೀಲಿನ ತಂತಿಯ ಮೇಲೆ ಒಂದು ಸುತ್ತು ಏನೋ ಸುತ್ತುತ್ತೇವೆ. ಅದು ಏನು ಅಂತ ನಮ್ಮ ಹುಡುಗರು ಹೇಳಬೇಡಿ ಅಂದಿದ್ದಾರೆ, ಮಾತು ಕೊಟ್ಟಿದ್ದೇನೆ.

ಹಿಮದಲ್ಲಿ ತೂತು ಕೊರೆಯೋಕೆ ಸ್ಟೀಮ್ ಡ್ರಿಲ್, ಅಂದರೆ ಬಿಸಿ ಹಬೆಯಿಂದ ಕೊರೆಯುವ ಯಂತ್ರ, ಇದ್ದರೆ ಸುಖ. ನಮಗೆ ಸಿಕ್ಕ ಕೊಟೇಶನ್ ಕೆಲವು ಲಕ್ಷ, ಮೇಲೆ ಗ್ಯಾಸ್ ಹೊತ್ತು ತರುವ ತಾಪತ್ರಯ. ನಾವು ಕೈ ಬೈರಿಗೆಯಲ್ಲೇ ಮಾಡಿದ್ದು. ಬೈರಿಗೆಗೆ ಒಂದು ಮೀಟರಿನ ತುಂಡು ಜೋಡಿಸುತ್ತ ಆರೇಳು ಮೀಟರ್ ಇಳಿಯಲು ಇಬ್ಬರಿಗೆ ಎರಡೂವರೆ ಗಂಟೆ. ಬೆಳಿಗ್ಗೆ ಶುರು ಮಾಡಿ ನಡುವೆ ಚಹಾಕ್ಕೆ ಅಂತ ಬಿಟ್ಟರೆ ಮುಗಿಯಿತು, ಬೈರಿಗೆ ಒಳಗೇ ಹೆಪ್ಪುಗಟ್ಟಿ ಕೂರುತ್ತದೆ. ಎರಡನೇ ವರ್ಷ ಹಾಗೇ ಒಂದು ಬೈರಿಗೆ ಕಳೆದುಕೊಂಡೆವು, ಅದು ಈಗಲೂ ಅಲ್ಲೇ ಇದೆ. ಈಗ ಸಿಕ್ಕಿಕೊಂಡರೂ ಬಿಡಿಸುವ ಒಂದು ಉಪಾಯ ಗೊತ್ತಾಗಿದೆ. ಉಪ್ಪು ಹಾಕೋದಂತೂ ಅಲ್ಲ.

ಇಷ್ಟೆಲ್ಲ ಆದ ಮೇಲೂ ಮೂರನೇ ವರ್ಷದ ಅಂಕಿ ಎಲ್ಲ ತಲೆಕೆಳಗೆ. ಗಳ ಸಿಕ್ಕಿದ್ದವು, ಆದರೆ ಮೂವತ್ತು ಸೆಂಟಿಮೀಟರ್ ಕಲ್ಲಿನಡಿಯ ಹಿಮ ಬೋಳು ಹಿಮದಷ್ಟೇ ಕರಗಿದೆ ಅಂತ ಹೇಳುತ್ತಿದ್ದವು. ಅಷ್ಟು ದಪ್ಪ ಕಲ್ಲು ಹಿಮವನ್ನು ಕಾಯಬೇಕಿತ್ತು. ಎರಡು ವಾರ ತಲೆ ಕೆಡಿಸಿಕೊಂಡೆ. ತಪ್ಪು ನಮ್ಮ ಫೋಟೋದಲ್ಲೇ ಇತ್ತು. ಕೊರೆಯುವ ಮೊದಲು ಕಲ್ಲು ಬಗೆದು ಪಕ್ಕಕ್ಕೆ ಹಾಕಿ, ಗಳ ನೆಟ್ಟ ಮೇಲೆ ಹಾಗೇ ಗುದ್ದಲಿಯಿಂದ ಎಳೆದು ಮುಚ್ಚಿದ್ದೆವು. ಒಂದು ಹೊದಿಕೆ ಬಿಚ್ಚಿ ನೋಡಿ: ಮೇಲೆ ಒಣಗಿದ ದೊಡ್ಡ ಕಲ್ಲು, ಕೆಳಗೆ ಜಲ್ಲಿ, ತೀರಾ ಕೆಳಗೆ ಹಿಮಕ್ಕೆ ಅಂಟಿದ ಒದ್ದೆ ಮರಳು, ಕೈಗೆ ತಣ್ಣಗೆ ಹತ್ತುತ್ತದೆ. ಆ ಕ್ರಮ ತಪ್ಪಿದರೆ ಬಿಸಿ ಇಳಿಯುವ ರೀತಿಯೇ ಬೇರೆ. ನಾವು ಮುಚ್ಚಿದ ಕಡೆ ಗಳದ ಸುತ್ತ ಬಾಣಲೆಯ ಹಾಗೆ ಗುಂಡಿ ಬಿದ್ದಿತ್ತು.

ನಾಲ್ಕನೇ ವರ್ಷದಿಂದ ಮೂರು ಟಾರ್ಪಾಲು ಹಾಸುತ್ತೇವೆ. ದೊಡ್ಡ ಕಲ್ಲು ಒಂದರ ಮೇಲೆ, ಜಲ್ಲಿ ಇನ್ನೊಂದರ ಮೇಲೆ, ಮರಳು ಮೂರನೆಯದರ ಮೇಲೆ. ನೆಟ್ಟ ಮೇಲೆ ತಿರುಗಿ ಅದೇ ಕ್ರಮದಲ್ಲಿ ಕೈಯಿಂದಲೇ ಮುಚ್ಚುತ್ತೇವೆ. ಒಂದು ಗಳಕ್ಕೆ ಮುಕ್ಕಾಲು ಗಂಟೆ ಜಾಸ್ತಿ ಹಿಡಿಯುತ್ತದೆ. ಇದೊಂದೇ ನಮ್ಮ ಕೆಲಸವನ್ನು ಉಳಿಸಿತು ಅಂದರೆ ತಪ್ಪಲ್ಲ. ಇನ್ನೊಂದು, ಅಳೆಯುವಾಗ ಗಳದ ಬುಡದ ಯಾವುದೋ ಒಂದು ಕಲ್ಲಿನಿಂದ ಅಳೆಯಬೇಡಿ. ಒಂದು ಮೀಟರಿನ ಹಲಗೆಯನ್ನು ನಾಲ್ಕು ದಿಕ್ಕಿಗೂ ಇಟ್ಟು ಅಳೆದು ಸರಾಸರಿ ತೆಗೆದುಕೊಳ್ಳಿ. ಹಲಗೆ ಇಲ್ಲದಿದ್ದಾಗ ನನ್ನ ಇಬ್ಬರು ವಿದ್ಯಾರ್ಥಿಗಳು ಒಂದೇ ಗಳಕ್ಕೆ ಹನ್ನೊಂದು ಸೆಂಟಿಮೀಟರ್ ಬೇರೆ ಬೇರೆ ಬರೆದಿದ್ದರು.

ಕಲ್ಲಿನ ಹೊದಿಕೆಯೊಳಗೆ, ತಾಪ ಅಳೆದು ಬರೆದಿಡುವ, ಅಂಗಿ ಗುಂಡಿಯಷ್ಟು ಸಣ್ಣ ಲಾಗರ್‌ಗಳನ್ನೂ ಹೂಳಿದ್ದೆವು, ಐದು, ಹದಿನೈದು, ಮೂವತ್ತು ಸೆಂಟಿಮೀಟರ್ ಆಳಕ್ಕೆ. ಒಂದಕ್ಕೆ ಸುಮಾರು ಮೂರು ಸಾವಿರ. ಮೊದಲ ಸಲ ಹತ್ತು ನಿಮಿಷಕ್ಕೊಂದು ಓದು ಅಂತ ಇಟ್ಟೆ. ಅದರಲ್ಲಿ ಹಿಡಿಯುವುದು ಎಂಟು ಸಾವಿರ ಚಿಲ್ಲರೆ ಓದು, ಅಂದರೆ ಐವತ್ತೇಳು ದಿನಕ್ಕೆ ಭರ್ತಿ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಬರೆಯುತ್ತ ಹೋಗಿದೆ. ಜುಲೈ ಪೂರ್ತಿ ಹೋಯಿತು, ನನಗೆ ಬೇಕಾಗಿದ್ದೇ ಆ ತಿಂಗಳು. ಈಗ ಗಂಟೆಗೊಂದು. ಮೂವತ್ತು ಸೆಂಟಿಮೀಟರ್ ಆಳದಲ್ಲಿ ಹಗಲು ರಾತ್ರಿಯ ಏರಿಳಿತ ಹೆಚ್ಚುಕಡಿಮೆ ಸತ್ತೇ ಹೋಗಿರುತ್ತದೆ. ಆ ಗೆರೆ ಮೊದಲ ಸಲ ಲ್ಯಾಪ್‌ಟಾಪಿನಲ್ಲಿ ಕಂಡಾಗ ಟೆಂಟಿನಲ್ಲಿ ಎಲ್ಲರನ್ನೂ ಎಬ್ಬಿಸಿದ್ದೆ.

ದುಡ್ಡಿನ ಮಾತು. ಜೂನ್ ಕೊನೆಗೆ ಒಂದು, ಸೆಪ್ಟೆಂಬರ್ ಕೊನೆಗೆ ಒಂದು, ವರ್ಷಕ್ಕೆ ಎರಡು ಪಯಣ. ಐದಾರು ಜನ, ಹನ್ನೆರಡು ದಿನ, ಕುದುರೆ, ಪೋರ್ಟರು, ಜೀಪು ಎಲ್ಲ ಸೇರಿ ಒಂದಕ್ಕೆ ಮೂರು ಮೂರೂವರೆ ಲಕ್ಷ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿಯಲ್ಲಿ ಸಿಕ್ಕಿಕೊಳ್ಳುವುದು ತಪ್ಪಿ ಒಂದು ದಿನದ ಬಾಡಿಗೆ ಉಳಿದಿದೆ. ಮಂಜೂರಾದ ಹಣ ಎರಡು ಸಲ ಡಿಸೆಂಬರ್‌ನಲ್ಲಿ ಬಂತು. ಡಿಸೆಂಬರ್‌ನಲ್ಲಿ ಅಲ್ಲಿಗೆ ಯಾರು ಹೋಗುತ್ತಾರೆ? ಮಾರ್ಚ್ 31ರೊಳಗೆ ಲೆಕ್ಕ ಕೊಡಿ ಅಂತ ಕಾಗದ ಬೇರೆ. ಒಂದು ವರ್ಷ ನನ್ನ ಪಿಎಫ್‌ನಿಂದ ಎರಡು ಲಕ್ಷ ತೆಗೆದು ಹುಡುಗರನ್ನು ಕರೆದೊಯ್ದೆ. ಆ ದುಡ್ಡು ವಾಪಸ್ ಬಂದಿದ್ದು ಹದಿನಾಲ್ಕು ತಿಂಗಳ ಮೇಲೆ. ಆ ವರ್ಷ ಹೋಗದಿದ್ದರೆ ಸರಣಿ ಕಡಿದುಹೋಗುತ್ತಿತ್ತು. ಗಳದ ಲೆಕ್ಕದಲ್ಲಿ ಒಂದು ವರ್ಷ ಕಡಿದರೆ ಮತ್ತೆ ಅದನ್ನು ಹೊಲಿಯಲಾಗದು.

ಪಾಠದ ಕಡೆಯಿಂದ ಒಂದು ಲಾಭ ಆಯಿತು. ತೆಳುವಾದ ಮಣ್ಣು ಹಿಮವನ್ನು ಬೇಗ ಕರಗಿಸುತ್ತದೆ, ದಪ್ಪ ಹೊದಿಕೆ ಕಾಯುತ್ತದೆ ಅಂತ 1959ರಲ್ಲೇ ಆಸ್ಟ್ರೆಮ್ ಎಂಬ ಹಿಮನದಿ ವಿಜ್ಞಾನಿ ತೋರಿಸಿದ್ದಾರೆ. ಎಂಎಸ್ಸಿ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ನಂಬುವುದಿಲ್ಲ. ಐಸ್ ಫ್ಯಾಕ್ಟರಿಯಿಂದ ನಾಲ್ಕು ಗಡ್ಡೆ ತರಿಸಿ ವಿಭಾಗದ ತಾರಸಿ ಮೇಲೆ ಇಟ್ಟೆ. ಒಂದು ಬೋಳು, ಒಂದಕ್ಕೆ ಕಪ್ಪು ಪುಡಿ ಚಿಮುಕಿಸಿದ್ದು, ಒಂದಕ್ಕೆ ಮೂರು ಸೆಂಟಿಮೀಟರ್ ಮರಳು, ಒಂದಕ್ಕೆ ಎಂಟು. ಮೊದಲ ಸಲ ಎಲ್ಲ ಒಂದೇ ವೇಗದಲ್ಲಿ ಕರಗಿದವು. ಬಿಸಿಗಾಳಿ ಪಕ್ಕದಿಂದ ತಿನ್ನುತ್ತಿತ್ತು, ಮರಳು ಜಾರುತ್ತಿತ್ತು. ಆಮೇಲೆ ನಾಲ್ಕು ಬದಿಗೂ ದಪ್ಪ ಥರ್ಮಕೋಲ್ ಕಟ್ಟಿ, ತಳದಲ್ಲಿ ಓರೆ ಇಟ್ಟು, ಸುರಿದ ನೀರನ್ನು ಅರ್ಧ ಗಂಟೆಗೊಮ್ಮೆ ತೂಗಿದೆವು. ಡಿಸೆಂಬರ್‌ನ ತಣ್ಣನೆ ಗಾಳಿ, ಚುರುಕು ಬಿಸಿಲು ಇದ್ದ ದಿನ ಅದು. ಕಪ್ಪು ಪುಡಿಯದು ಬೋಳಿಗಿಂತ ಮುಂದೆ ಹೋಯಿತು, ಎಂಟು ಸೆಂಟಿಮೀಟರಿನದು ಸಂಜೆಗೂ ಗಟ್ಟಿಯಾಗಿತ್ತು. ಅವತ್ತು ತೂಗುತ್ತ ಕೂತಿದ್ದ ಹುಡುಗಿಯೇ ಈಗ ನಮ್ಮ ಪಿಎಚ್‌ಡಿ ವಿದ್ಯಾರ್ಥಿನಿ. ಅಲ್ಲಿಯ ತನಕ ಹಿಮ ನೋಡಿದವಳಲ್ಲ. ಟಾರ್ಪಾಲಿನ ಯೋಚನೆ ಅವಳದ್ದು.

ಸಿಕ್ಕಿದ್ದು ಏನು ಅಂದರೆ, ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಹತ್ತಿರ, ಒಂದೇ ಬೇಸಿಗೆಯಲ್ಲಿ ಬೋಳು ಹಿಮ ಮೂರು ಮೀಟರಿನಷ್ಟು ಇಳಿದಿದೆ. ಒಂದು ಸೆಂಟಿಮೀಟರ್ ಧೂಳಿನ ಕಡೆ ಅದಕ್ಕಿಂತ ಜಾಸ್ತಿ. ಮೂವತ್ತೈದು ಸೆಂಟಿಮೀಟರ್ ಹೊದಿಕೆಯಡಿ ಒಂದು ಮೀಟರಿಗೂ ಕಡಿಮೆ. ನಿಖರ ಅಂಕಿ ಟೇಬಲ್ಲಿನಲ್ಲಿವೆ, ಇದು ನೆನಪಿನಿಂದ. ಸ್ಯಾಟಲೈಟ್ ನಕ್ಷೆಯಲ್ಲಿ ಅಲ್ಲಿ ಮೇಲ್ಮೈ ಇಳಿದದ್ದು ಇನ್ನೂ ಕಡಿಮೆ ಕಾಣುತ್ತಿತ್ತು. ಮೇಲಿಂದ ಹರಿದು ಬರುವ ಹಿಮ ಕೆಳಗಡೆ ಉಬ್ಬಿ ಕರಗಿದ್ದನ್ನು ಒಂದಷ್ಟು ತುಂಬುತ್ತದಲ್ವಾ? ನಕ್ಷೆಗೆ ಕಾಣುವುದು ಉಳಿದ ಲೆಕ್ಕ ಮಾತ್ರ. ನಿಜವಾಗಿ ಎಷ್ಟು ಕರಗಿತು ಅಂತ ಹೇಳಿದ್ದು ಬಿದಿರು. ಸಭೆಯಲ್ಲಿ ಆಗಲ್ಲ ಅಂದಿದ್ದ ಹಿರಿಯರು ಈ ಲೆಕ್ಕ ನೋಡಿ ನಮ್ಮ ಡೇಟಾ ಕೇಳಿದ್ದಾರೆ. ಕೊಡುತ್ತೇನೆ, ಖುಷಿಯಿಂದ.

ಇನ್ನು ಉಳಿದಿರುವುದು ಹಿಮದ ಗೋಡೆಗಳು, ಕಲ್ಲಿನ ನಡುವೆ ಬಾಯ್ತೆರೆದು ನಿಲ್ಲುತ್ತವಲ್ಲ, ಅವು. ಅಲ್ಲಿ ಕರಗುವುದು ಬಹಳ ಬೇಗ, ನೆಟ್ಟಗೆ ಗಳ ಹಾಕಲು ಜಾಗವಿಲ್ಲ. ಅಡ್ಡಡ್ಡ ಕೊರೆದು ಎರಡು ಹಾಕಿದ್ದೆವು, ಕಾಣೆಯಾದ ಎರಡೂ ಅವೇ. ಜೂನ್‌ಗೆ ಮತ್ತೆ ನಾಲ್ಕು ಹಾಕುತ್ತೇವೆ, ಈ ಸಲ ಒಂದೊಂದೇ ಮೀಟರಿನ ತುಂಡಿನಲ್ಲಿ. ಬಿದಿರು ಕತ್ತರಿಸಿ ಆಗಿದೆ, ವಿಭಾಗದ ಮೆಟ್ಟಿಲ ಕೆಳಗೆ ಒಣಗುತ್ತಿದೆ.