ಸೈಟ್ ಹೊಸ ಹೋಸ್ಟಿಂಗ್‌ಗೆ ಸಾಗಿಸಿ, ಆದರೆ ಮೇಲ್ ಕಳೆದುಕೊಳ್ಳಬೇಡಿ

ದಸರಾ ಹತ್ತಿರ ಬಂತು ಅನ್ನುವಾಗ ಮೈಸೂರಿನ ಹೋಮ್‌ಸ್ಟೇ, ಟ್ರಾವೆಲ್ಸ್, ಸೀರೆ ಅಂಗಡಿಯವರಿಗೆಲ್ಲ ತಮ್ಮ ವೆಬ್‌ಸೈಟ್ ನೆನಪಾಗುತ್ತದೆ. ಹಳೇದು ನಿಧಾನ ಅಂತ ಹೊಸ ಹೋಸ್ಟಿಂಗ್ (ಸೈಟ್ ಇಡಲು ಸರ್ವರ್‌ನಲ್ಲಿ ಬಾಡಿಗೆ ಜಾಗ) ಕೊಳ್ಳುತ್ತಾರೆ. ಸೈಟ್ ಮಾಡಿಕೊಟ್ಟ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾನೆ, ಫೋನ್ ಎತ್ತುವುದಿಲ್ಲ. ಮಾಲೀಕರೇ ಸಿಪ್ಯಾನೆಲ್ (ಹೋಸ್ಟಿಂಗ್ ನಿಭಾಯಿಸುವ ಪುಟ) ತೆರೆದು ಕೂರುತ್ತಾರೆ. ಸೈಟ್ ಹೇಗೋ ಬಂದುಬಿಡುತ್ತದೆ, ಮೇಲ್ ನಿಂತುಹೋಗುತ್ತದೆ. ಬುಕಿಂಗ್ ಯಾಕೆ ಬರ್ತಿಲ್ಲ ಅಂತ ಹೊಳೆಯುವ ಹೊತ್ತಿಗೆ ಸೀಸನ್ ಅರ್ಧ ಮುಗಿದಿರುತ್ತದೆ. ಇದನ್ನು ಎಷ್ಟೋ ಕಡೆ ನೋಡಿ ಬೇಸತ್ತು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು ಸಿಪ್ಯಾನೆಲ್ ಬಗ್ಗೆ. ಪ್ಲೆಸ್ಕ್, ಡೈರೆಕ್ಟ್‌ಅಡ್ಮಿನ್ ಇದ್ದವರಿಗೆ ಬಟನ್‌ಗಳ ಹೆಸರು ಬೇರೆ, ಕೆಲಸ ಅದೇ.

ಹಂತ 1: ಲಾಗಿನ್‌ಗಳನ್ನು ಜೋಡಿಸಿಕೊಳ್ಳಿ

ಡೊಮೇನ್ (ಸೈಟಿನ ಹೆಸರು) ಕೊಂಡ ಕಡೆಯದು ಒಂದು, ಹೋಸ್ಟಿಂಗ್ ಬಿಲ್ ಕಟ್ಟುವ ಖಾತೆಯದು ಒಂದು, ಸಿಪ್ಯಾನೆಲ್‌ನದು ಒಂದು. ಮೂರೂ ಸಾಮಾನ್ಯವಾಗಿ ಬೇರೆ ಬೇರೆ. ಡೊಮೇನ್ ಖಾತೆ ನಿಮ್ಮ ಹೆಸರು, ನಿಮ್ಮ ಮೇಲ್ ಐಡಿಯಲ್ಲೇ ಇರಬೇಕು. ಡಿಸೈನರ್ ಹೆಸರಲ್ಲಿದ್ದರೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ, ಮೊದಲು ಅದನ್ನು ಬಿಡಿಸಿಕೊಳ್ಳಿ. ಸಿಪ್ಯಾನೆಲ್‌ಗೆ ಹೋಗಲು ಡೊಮೇನ್ ಹೆಸರಿನ ಕೊನೆಗೆ ಕೋಲನ್ ಹಾಕಿ 2083 ಅಂತ ಹೊಡೆದರಾಯಿತು. 2082 ಬೇಡ, ಅದರಲ್ಲಿ ಪಾಸ್‌ವರ್ಡ್ ರಕ್ಷಣೆಯಿಲ್ಲದೆ ಹೋಗುತ್ತದೆ.

ಹಂತ 2: ಬ್ಯಾಕಪ್

‘ಫುಲ್ ಬ್ಯಾಕಪ್’ ತೆಗೆದುಕೊಂಡು ನಿಶ್ಚಿಂತೆಯಾಗಿರುವವರೇ ಜಾಸ್ತಿ. ಆ ಫೈಲನ್ನು ನೀವೇ ಸಿಪ್ಯಾನೆಲ್‌ನಿಂದ ರಿಸ್ಟೋರ್ ಮಾಡಲಾಗದು, ಹೋಸ್ಟಿಂಗ್‌ನವರೇ ಮಾಡಿಕೊಡಬೇಕು. ಹಾಗಾಗಿ ಅದರ ಜೊತೆಗೆ ಹೋಮ್ ಡೈರೆಕ್ಟರಿ (ಸೈಟಿನ ಫೈಲ್‌ಗಳೆಲ್ಲ ಇರುವ ಜಾಗ) ಮತ್ತು ಡೇಟಾಬೇಸ್ ಬ್ಯಾಕಪ್‌ಗಳನ್ನು ಬೇರೆಬೇರೆಯಾಗಿ ಇಳಿಸಿ ನಿಮ್ಮ ಕಂಪ್ಯೂಟರ್‌ನಲ್ಲಿಟ್ಟುಕೊಳ್ಳಿ.

ಹಂತ 3: ಫೈಲ್, ಡೇಟಾಬೇಸ್

ಹಳೇ ಕಡೆಯ ಫೈಲ್ ಮ್ಯಾನೇಜರ್‌ನಲ್ಲಿ ಎಲ್ಲವನ್ನೂ ಜಿಪ್ ಮಾಡಿ. ಹೊಸ ಕಡೆ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರ್‌ಗೆ ಏರಿಸಿ ಎಕ್ಸ್‌ಟ್ರಾಕ್ಟ್ ಮಾಡಿ. ಒಳಗೆ ಮತ್ತೊಂದು ಫೋಲ್ಡರ್ ಹುಟ್ಟಿಕೊಂಡಿದ್ದರೆ ಅದರಲ್ಲಿರುವುದನ್ನೆಲ್ಲ ಹೊರಗೆ ತನ್ನಿ. ಸೆಟ್ಟಿಂಗ್ಸ್‌ನಲ್ಲಿ ಅಡಗಿದ ಫೈಲ್ ತೋರಿಸು ಅನ್ನುವುದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಚುಕ್ಕಿಯಿಂದ ಶುರುವಾಗುವ ಎಚ್‌ಟಿಆಕ್ಸೆಸ್ ಫೈಲ್ (ಸರ್ವರ್‌ಗೆ ಸೈಟಿನ ನಿಯಮ ಹೇಳುವುದು) ಹಳೇ ಕಡೆಯೇ ಉಳಿಯುತ್ತದೆ. ಯಾರು ಓದಬಹುದು, ಯಾರು ತಿದ್ದಬಹುದು ಅನ್ನುವ ಪರ್ಮಿಷನ್ ಫೋಲ್ಡರ್‌ಗೆ 755, ಫೈಲ್‌ಗೆ 644. ಏನೇ ತೊಂದರೆಯಾದರೂ 777 ಕೊಡಿ ಅನ್ನುವ ಯೂಟ್ಯೂಬ್ ಪಂಡಿತರ ಮಾತು ಕೇಳಬೇಡಿ, ಅದು ಬಾಗಿಲು ತೆಗೆದಿಟ್ಟು ಮಲಗುವ ಕೆಲಸ. ಹಾಗೆಯೇ ಪುಕ್ಕಟೆ ಸಿಗುವ ನಲ್ಡ್ ಥೀಮ್ (ದುಡ್ಡು ಕೊಟ್ಟು ಕೊಳ್ಳಬೇಕಾದ ವಿನ್ಯಾಸದ ಕಳ್ಳಪ್ರತಿ) ಇದ್ದರೆ ಸಾಗಿಸುವ ಮೊದಲೇ ಕಿತ್ತುಹಾಕಿ. ಅದರೊಳಗೆ ಏನು ತುಂಬಿದ್ದಾರೋ ಯಾರು ಕಂಡರು?

ಡೇಟಾಬೇಸ್ ಪುಟದಲ್ಲಿ ಡೇಟಾಬೇಸ್ ಸೃಷ್ಟಿಸುತ್ತಾರೆ, ಯೂಸರ್ ಸೃಷ್ಟಿಸುತ್ತಾರೆ, ಆ ಯೂಸರನ್ನು ಆ ಡೇಟಾಬೇಸ್‌ಗೆ ಸೇರಿಸುವುದನ್ನು ಮರೆಯುತ್ತಾರೆ. ಸೇರಿಸಿ, ಎಲ್ಲ ಅನುಮತಿಗೂ ಟಿಕ್ ಹಾಕಿ. ಸಿಪ್ಯಾನೆಲ್‌ನಲ್ಲೇ ಇರುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಹಳೇ ಡೇಟಾಬೇಸ್ ಬ್ಯಾಕಪ್ಪನ್ನು ಇಂಪೋರ್ಟ್ ಮಾಡಿ. ವರ್ಡ್‌ಪ್ರೆಸ್ ಆಗಿದ್ದರೆ ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್ ತಿದ್ದಿ. ಹೆಸರಿನ ಶುರುವಿನಲ್ಲಿ ನಿಮ್ಮ ಖಾತೆಯ ಹೆಸರೂ ಅಂಡರ್‌ಸ್ಕೋರೂ ಇರುತ್ತದೆ, ಅದನ್ನೂ ಸೇರಿಸಿಯೇ ಬರೆಯಬೇಕು.

ಹಂತ 4: ಡಿಎನ್‌ಎಸ್. ಇಲ್ಲಿ ನಿಧಾನ

ಡಿಎನ್‌ಎಸ್ ಅಂದರೆ ನಿಮ್ಮ ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಬರೆದಿಟ್ಟ ಪುಸ್ತಕ. ಆ ಪುಸ್ತಕ ಇಟ್ಟುಕೊಂಡಿರುವ ಸರ್ವರ್ ನೇಮ್‌ಸರ್ವರ್. ಎಲ್ಲರೂ ಎಡವುವುದು ಇಲ್ಲೇ. ಹೊಸ ಹೋಸ್ಟಿಂಗ್‌ನವರು ಎರಡು ನೇಮ್‌ಸರ್ವರ್ ಕೊಟ್ಟು ‘ಇದನ್ನು ಹಾಕಿ’ ಅನ್ನುತ್ತಾರೆ. ಜನ ಹಾಕಿಬಿಡುತ್ತಾರೆ. ಪಹಣಿಯಲ್ಲಿ ಒಂದು ಕಾಲಂ ತಿದ್ದಲು ಹೋಗಿ ಇಡೀ ಪುಸ್ತಕವನ್ನೇ ಬದಲಾಯಿಸಿ ಬಂದ ಹಾಗೆ ಅದು. ಹಳೇ ಪುಸ್ತಕದಲ್ಲಿದ್ದ ಮೇಲ್ ಸಾಲುಗಳು ಹೊಸದರಲ್ಲಿ ಇರುವುದಿಲ್ಲ.

ಮೊದಲು ಹಳೇ ಕಡೆಯ ಝೋನ್ ಎಡಿಟರ್ (ಡಿಎನ್‌ಎಸ್ ಸಾಲುಗಳನ್ನು ತೋರಿಸುವ ಪುಟ) ತೆರೆದು ಪ್ರತಿ ಸಾಲನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಎ, ಸಿನೇಮ್, ಎಂಎಕ್ಸ್, ಟಿಎಕ್ಸ್‌ಟಿ, ಎಲ್ಲವೂ ಬೇಕು. ಎಂಎಕ್ಸ್ ಸಾಲು ಹೇಳುವುದೇ ನಿಮ್ಮ ಮೇಲ್ ಎಲ್ಲಿಗೆ ಬರುತ್ತದೆ ಅಂತ. ಅಲ್ಲಿ ಗೂಗಲ್ ಅಥವಾ ಝೋಹೋ ಹೆಸರಿದ್ದರೆ ಮೇಲ್ ಅವರ ಹತ್ತಿರ ಇದೆ. ನಿಮ್ಮದೇ ಡೊಮೇನ್ ಹೆಸರಿದ್ದರೆ ಮೇಲ್ ಹಳೇ ಹೋಸ್ಟಿಂಗ್‌ನಲ್ಲೇ ಇದೆ. ಆಗ ಅವೇ ವಿಳಾಸಗಳನ್ನು ಹೊಸ ಸಿಪ್ಯಾನೆಲ್‌ನಲ್ಲಿ ಮೊದಲೇ ಸೃಷ್ಟಿಸಬೇಕು. ಹಳೇ ಮೇಲ್‌ಗಳು ತಾವಾಗಿ ನಡೆದು ಬರುವುದಿಲ್ಲ. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ ಎರಡೂ ಖಾತೆ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನೇ ತೋರಿಸುವ ವಿಧಾನ) ಮೂಲಕ ಸೇರಿಸಿ ಎಳೆದು ಹಾಕಿಕೊಳ್ಳಿ.

ಡೊಮೇನ್ ಕೊಂಡ ಕಡೆಯೇ ಡಿಎನ್‌ಎಸ್ ಇದ್ದರೆ ನೇಮ್‌ಸರ್ವರ್ ಮುಟ್ಟಲೇಬೇಡಿ. ಸೈಟ್ ಎಲ್ಲಿದೆ ಅಂತ ಹೇಳುವ ಎ ರೆಕಾರ್ಡ್‌ನಲ್ಲಿ ಹೊಸ ಸರ್ವರ್‌ನ ಐಪಿ (ಅಂಕಿಯ ವಿಳಾಸ) ಹಾಕಿದರೆ ಸಾಕು. ಹಳೇ ಹೋಸ್ಟಿಂಗ್‌ನ ನೇಮ್‌ಸರ್ವರ್ ಇದ್ದರೆ ಮಾತ್ರ ಬದಲಾಯಿಸಬೇಕು. ಅದೂ ಹೊಸ ಝೋನ್ ಎಡಿಟರ್‌ನಲ್ಲಿ ಸ್ಕ್ರೀನ್‌ಶಾಟ್ ನೋಡಿಕೊಂಡು ಮೇಲ್‌ಗೆ ಸಂಬಂಧಪಟ್ಟ ಸಾಲುಗಳನ್ನೆಲ್ಲ ಬರೆದ ಮೇಲೆ. ನಿಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಹೊಸ ಹೋಸ್ಟಿಂಗ್ ತನ್ನದೊಂದು ಮೊದಲೇ ಹಾಕಿರುತ್ತದೆ, ನೀವು ಇನ್ನೊಂದು ಸೇರಿಸಿದರೆ ಎರಡೂ ಕೆಡುತ್ತವೆ.

ಬದಲಾಯಿಸುವ ಹಿಂದಿನ ದಿನವೇ ಟಿಟಿಎಲ್ (ಹಳೇ ಸಾಲನ್ನು ಹೊರಗಿನವರು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವುದು) 300ಕ್ಕೆ ಇಳಿಸಿ. ಅದು ಸೆಕೆಂಡ್ ಲೆಕ್ಕ, ಅಂದರೆ 5 ನಿಮಿಷ. ಸಿಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 14400 ಇರುತ್ತದೆ. ತಪ್ಪಾದರೆ ತಿದ್ದಿದ್ದು ಎಲ್ಲರಿಗೂ ಕಾಣಲು 4 ಗಂಟೆ ಕಾಯಬೇಕು.

ಇಷ್ಟು ಮಾಡಿದವರನ್ನೂ ಕೆಡವುವ ಪುಟ ಇನ್ನೊಂದಿದೆ: ಇಮೇಲ್ ರೂಟಿಂಗ್. ಮಂಡ್ಯದಲ್ಲಿ ಬೆಲ್ಲ ಮಾರುವ ಪರಿಚಯದವರೊಬ್ಬರ ಸೈಟಿನಲ್ಲಿ ಫಾರ್ಮ್ ತುಂಬಿದರೆ ‘ನಿಮ್ಮ ಆರ್ಡರ್ ತಲುಪಿದೆ’ ಅಂತ ಬರುತ್ತಿತ್ತು. ಅವರ ಇನ್‌ಬಾಕ್ಸ್‌ಗೆ ಏನೂ ಬರುತ್ತಿರಲಿಲ್ಲ. ಹೊರಗಿನಿಂದ ಮೇಲ್ ಕಳಿಸಿದರೆ ಮಾತ್ರ ಸರಿಯಾಗಿ ಬರುತ್ತಿತ್ತು. ಮೇಲ್ ಇದ್ದದ್ದು ಗೂಗಲ್‌ನಲ್ಲಿ, ರೂಟಿಂಗ್ ಇದ್ದದ್ದು ‘ಲೋಕಲ್’ನಲ್ಲಿ. ಈ ಡೊಮೇನ್ ನಂದೇ ಅಲ್ವಾ ಅಂದುಕೊಂಡ ಸರ್ವರ್ ಫಾರ್ಮಿನ ಮೇಲನ್ನು ಹೊರಗೆ ಬಿಡುತ್ತಲೇ ಇರಲಿಲ್ಲ. ಯಾರೂ ತೆರೆಯದ ತನ್ನದೇ ಡಬ್ಬಿಗೆ ತುಂಬಿಕೊಳ್ಳುತ್ತಿತ್ತು. ಮೇಲ್ ಬೇರೆ ಕಡೆ ಇದ್ದರೆ ಅಲ್ಲಿ ‘ರಿಮೋಟ್ ಮೇಲ್ ಎಕ್ಸ್‌ಚೇಂಜರ್’ ಆರಿಸಿ. ಆಮೇಲೆ ಎರಡು ಪರೀಕ್ಷೆ ಮಾಡಿ: ಹೊರಗಿನ ಜಿಮೇಲ್‌ನಿಂದ ಒಂದು, ಸೈಟಿನ ಫಾರ್ಮಿನಿಂದ ಒಂದು. ಒಂದು ಬಂದರೆ ಇನ್ನೊಂದೂ ಬರುತ್ತೆ ಅಂತ ಸುಮ್ನೆ ಕೂರಬೇಡಿ.

ಹಂತ 5: ಬೀಗದ ಗುರುತು

ಡೊಮೇನ್ ಹೊಸ ಸರ್ವರ್‌ಗೆ ತಿರುಗಿದ ಮೇಲೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್ ಸ್ಟೇಟಸ್’ ಪುಟದಲ್ಲಿ ಆಟೋಎಸ್‌ಎಸ್‌ಎಲ್ ಓಡಿಸಿ. ಸೈಟಿನ ಸಂಪರ್ಕ ಸುರಕ್ಷಿತ ಅಂತ ತೋರಿಸುವ ಸರ್ಟಿಫಿಕೇಟ್ ಇದು, ಬೀಗದ ಗುರುತು ಅಂದರೆ ಇದೇ. ಪುಕ್ಕಟೆ ಬರುತ್ತದೆ, ತಾನಾಗಿ ನವೀಕರಣವಾಗುತ್ತದೆ. ಹೋಮ್‌ಸ್ಟೇಗೂ ಬೆಲ್ಲದ ಅಂಗಡಿಗೂ ಸಾವಿರಾರು ರೂಪಾಯಿಯ ಸರ್ಟಿಫಿಕೇಟ್ ಮಾರಲು ಬಂದವರಿಗೆ ಕೈಮುಗಿದು ಕಳಿಸಿ. ‘ಅನ್‌ಲಿಮಿಟೆಡ್’ ಜಾಗ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಎಷ್ಟು ಫೈಲ್ ಇಡಬಹುದು ಅನ್ನುವ ಐನೋಡ್ ಮಿತಿ ಷರತ್ತುಗಳ ಮೂಲೆಯಲ್ಲಿ ಇದ್ದೇ ಇರುತ್ತದೆ.

ಹಂತ 6: ಹಳೇದನ್ನು ನಿಲ್ಲಿಸುವುದು

ಒಂದು ತಿಂಗಳು ಹಳೇ ಹೋಸ್ಟಿಂಗ್ ಇಟ್ಟುಕೊಂಡಿರಿ, ನಡುವೆ ಅಲ್ಲಿಗೆ ಯಾವುದಾದರೂ ಮೇಲ್ ಬಿದ್ದಿದೆಯಾ ನೋಡಿ. ನಿಲ್ಲಿಸುವಾಗ ಹೋಸ್ಟಿಂಗ್ ಪ್ಯಾಕೇಜ್ ಒಂದನ್ನೇ ರದ್ದು ಮಾಡಿ. ಡೊಮೇನ್ ಕೂಡ ಅದೇ ಖಾತೆಯಲ್ಲಿದ್ದರೆ ಅದರ ಆಟೋ ರಿನ್ಯೂವಲ್ ಆನ್ ಇದೆಯೇ ಅಂತ ಇನ್ನೊಮ್ಮೆ ನೋಡಿ, ಆಮೇಲೆ ಲಾಗೌಟ್ ಆಗಿ.